ಮೂರನೇ ಕುರ್ಚಿಯಿಂದ ಕಂಡದ್ದು

ನನ್ನ ಸಹಿ ಇರುವ ಎರಡು ಪುಟದ ಕಾಗದವೊಂದಿದೆ. ಅದರ ನಾಲ್ಕನೇ ಕಂಡಿಕೆ ಹೀಗೆ ಹೇಳುತ್ತದೆ: ಆ ದಿನ ನಾನು ಕ್ಲಿನಿಕ್ಕಿನ ಒಳಗೆ, ನೀರಿನ ಫಿಲ್ಟರಿನ ಪಕ್ಕದ ಮೂರನೇ ಕುರ್ಚಿಯಲ್ಲಿ ಕೂತಿದ್ದೆ, ಅಲ್ಲಿಂದ ನನಗೆ ಎಲ್ಲವೂ ಕಾಣುತ್ತಿತ್ತು, ಎಲ್ಲವೂ ಕೇಳಿಸುತ್ತಿತ್ತು. ಟೈಪು ಮಾಡಿದವನು ನನ್ನ ಗೆಳೆಯ, ಹೇಳಿದವನು ನಾನು. ಇದೆಲ್ಲ ಸತ್ಯವೆಂದು ಮನಸಾರೆ ನಂಬಿ ಘೋಷಿಸುತ್ತೇನೆ ಎಂಬ ಕೊನೆಯ ಸಾಲಿನ ಕೆಳಗೆ ಪ್ರಮಾಣ ಮಾಡಿಸುವ ಅಧಿಕಾರಿಯ ಮೊಹರು ಸ್ವಲ್ಪ ಓರೆಯಾಗಿ ಬಿದ್ದಿದೆ. ಆ ಕಾಗದದ ಫೋಟೊ ಈ ದೇಶದ ಎಷ್ಟು ಫೋನುಗಳಲ್ಲಿ ಉಳಿದಿದೆಯೋ ನನಗೆ ಗೊತ್ತಿಲ್ಲ. ಒಂದು ಪ್ರತಿ ನನ್ನ ಮೇಜಿನ ಖಾನೆಯಲ್ಲಿ, ಮಗಳ ಹಳೆಯ ಮಾರ್ಕ್ಸ್ ಕಾರ್ಡುಗಳ ಕೆಳಗಿದೆ.

ಮೈಸೂರಿನಲ್ಲಿ ಓದಿದ ನಾನು ಕ್ವಾಲಾಲಂಪುರದಿಂದ ಎರಡು ಗಂಟೆ ದೂರದ ಮೆಲಾಕಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ರೋಗ ಎಲ್ಲಿಂದ ಬಂತು, ಹೇಗೆ ಹರಡಿತು ಎಂಬುದನ್ನು ಜನರನ್ನು ಕೇಳಿ ಕೇಳಿ ಕಂಡುಹಿಡಿಯುವ ವಿದ್ಯೆ ನನ್ನದು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಸ್ವಲ್ಪ ನಾಟಕ ಸೇರಿಸಿಯೇ ಮಾಡುತ್ತಿದ್ದೆ. ಕಾಯಿಲೆಯ ಮಗುವಿನ ತಾಯಿಗೂ ಆರೋಗ್ಯವಾಗಿರುವ ಮಗುವಿನ ತಾಯಿಗೂ ಒಂದೇ ಪ್ರಶ್ನೆ ಕೇಳಿ ನೋಡಿ, ಬಸುರಿಯಾಗಿದ್ದಾಗ ಏನೇನು ಮಾತ್ರೆ ತಗೊಂಡಿದ್ದಿರಿ ಅಂತ. ಕಾಯಿಲೆಯ ಮಗುವಿನ ತಾಯಿಗೆ ಹೆಚ್ಚು ನೆನಪಾಗುತ್ತದೆ. ಅವಳು ಸುಳ್ಳು ಹೇಳುತ್ತಿಲ್ಲ. ಕಾರಣ ಹುಡುಕುತ್ತಿದ್ದಾಳೆ, ಹುಡುಕುವವರಿಗೆ ನೆನಪು ಏನನ್ನಾದರೂ ಕೊಟ್ಟೇ ಕೊಡುತ್ತದೆ. ಆದ್ದರಿಂದ ನೀವು ಯಾರ ನೆನಪನ್ನೂ ನಂಬಬೇಡಿ, ಮುಖ್ಯವಾಗಿ ಖಚಿತವಾಗಿ ಮಾತಾಡುವವರ ನೆನಪನ್ನು. ಇಷ್ಟು ಹೇಳಿ ನಾನು ನಿಲ್ಲಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಬರೆದುಕೊಳ್ಳುತ್ತಿದ್ದರು.

ಕ್ಲಿನಿಕ್ಕು ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಳೆಯ ಅಂಗಡಿಸಾಲಿನಲ್ಲಿ ಟೈರ್ ಅಂಗಡಿಗೂ ಬೇಕರಿಗೂ ನಡುವೆ ಇದೆ. ಅದನ್ನು ನಡೆಸುವ ಡಾಕ್ಟರು ಇಲ್ಲಿಯೇ ಹುಟ್ಟಿದ ತಮಿಳು ಹೆಂಗಸು. ಅಪ್ಪ ರಬ್ಬರ್ ತೋಟದಲ್ಲಿ ಹಾಲು ಇಳಿಸುತ್ತಿದ್ದವರು. ಡಾಕ್ಟರು ಹುಟ್ಟಿದ್ದೂ ತೋಟದ ಕೂಲಿಗಳ ಸಾಲುಮನೆಯಲ್ಲಿ. ಡಾಕ್ಟರಿಕೆ ಓದಿದ್ದು ಮಾತ್ರ ಕರ್ನಾಟಕದಲ್ಲಿ. ಹಾಸ್ಟೆಲಿನಲ್ಲಿ ಕಲಿತ ಕನ್ನಡವನ್ನು ಅವರು ಅರ್ಧ ಮರೆತು ಅರ್ಧ ಇಟ್ಟುಕೊಂಡಿದ್ದರು. ನಮ್ಮನ್ನು ಕಂಡರೆ ಸಾಕು, ಸ್ಟೆತಸ್ಕೋಪು ಕಿವಿಗೆ ಹಾಕುವ ಮೊದಲೇ "ಊಟ ಆಯ್ತಾ ಸಾರ್?" ಎನ್ನುವರು. ಬೆಳಗಿನ ಒಂಬತ್ತಕ್ಕೆ ಹೋದರೂ ಅದೇ ಪ್ರಶ್ನೆ. ನನ್ನ ಹೆಂಡತಿಗೆ ಈ ಊರಿನಲ್ಲಿ ಕನ್ನಡದಲ್ಲಿ ತಲೆನೋವು ಹೇಳಿಕೊಳ್ಳಲು ಇದ್ದ ಒಂದೇ ಜಾಗ ಅದು.

ಅವರು ಒಂದು ಪಕ್ಷದಲ್ಲಿದ್ದರು. ಇಲ್ಲಿನ ಭಾರತೀಯ ಮೂಲದವರ ಸಣ್ಣ ಪಕ್ಷ. ಪಕ್ಷಗಳ ದೊಡ್ಡ ಕೂಟದ ಮೂಲೆಯಲ್ಲಿ ಒಂದು ಸೀಟು ಹಿಡಿದು ಕೂತದ್ದು. ಕಳೆದ ವರ್ಷ ಅದರ ಮುದಿ ಅಧ್ಯಕ್ಷರು ಇಳಿಯುತ್ತೇನೆ ಎಂದಾಗ ಇಬ್ಬರು ನಿಂತರು. ಒಬ್ಬರು ನಮ್ಮ ಡಾಕ್ಟರು. ಇನ್ನೊಬ್ಬ ಕ್ವಾಲಾಲಂಪುರದವನು, ಅಲ್ಲಿನ ಭಾರತೀಯರ ಪೇಟೆಯವನು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಅವನ ಆಫೀಸು. ಓಟು ಹಾಕುವವರು ದೇಶದ ಉದ್ದಕ್ಕೂ ಇರುವ ಶಾಖೆಗಳ ಮುಖಂಡರು. ಅವರಲ್ಲಿ ಬಹುಪಾಲು ಜನ ತೋಟಗಳಲ್ಲಿ ಹುಟ್ಟಿದವರು, ಅಥವಾ ತೋಟಗಳಿಂದ ಒಕ್ಕಲೆಬ್ಬಿಸಲ್ಪಟ್ಟವರ ಮಕ್ಕಳು. ಹಾಗಾಗಿ ಡಾಕ್ಟರೇ ಗೆಲ್ಲುತ್ತಾರೆ ಎಂದು ಟೈರ್ ಅಂಗಡಿಯವನೂ ಹೇಳುತ್ತಿದ್ದ. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ನಾನು ವರ್ಕ್ ಪಾಸಿನ ಮೇಲೆ ಇರುವ ಪರದೇಶಿ. ಎಲ್ಲ ರಾಜಕಾರಣವೂ ಒಂದೇ ಎಂದು ತಿಳಿದವನು. ಹಾಗೆ ತಿಳಿಯುವುದರಿಂದ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಹಾಗೆ ತಿಳಿದವರಿಗೇ ಗೊತ್ತು.

ಗೆಳೆಯನ ವಿಷಯ ಹೇಳಬೇಕು. ಅವನು ಮಂಗಳೂರಿನ ಕಡೆಯ ಕ್ರಿಶ್ಚಿಯನ್. ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾದ ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸ. ಮೆಲಾಕಾದ ಹಳೆಯ ಚರ್ಚಿನ ಮೇಲೆ ಅವನಿಗೆ ಏನೋ ಪ್ರೀತಿ. ತಿಂಗಳಿಗೊಮ್ಮೆ ಭಾನುವಾರ ಪೂಜೆಗೆ ಬರುತ್ತಿದ್ದ. ಪೂಜೆ ಮುಗಿಸಿ ನನ್ನನ್ನು ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿಗೆ ಎಳೆದೊಯ್ದು ರೊಟಿ ಚನಾಯ್ ತಿನ್ನಿಸುತ್ತಿದ್ದ. ಈ ದೇಶದಲ್ಲಿ ನನ್ನನ್ನು ನಗಿಸಿದವನು ಅವನೊಬ್ಬನೇ. ಆ ವರ್ಷ ಅವನ ಕಂಪನಿಗೆ ಬ್ರಿಕ್‌ಫೀಲ್ಡ್ಸ್‌ನವನ ಪ್ರಚಾರದ ಕೆಲಸ ಸಿಕ್ಕಿತ್ತು. ಶಾಂಪೂ ಮಾರುವುದಕ್ಕೂ ಅಧ್ಯಕ್ಷನನ್ನು ಮಾರುವುದಕ್ಕೂ ಒಂದೇ ವ್ಯತ್ಯಾಸ, ಶಾಂಪೂವಿನಲ್ಲಿ ಎದುರಿನ ಬಾಟಲಿಗೆ ಉಗುಳುವ ಹಾಗಿಲ್ಲ ಎನ್ನುತ್ತಿದ್ದ.

ಉಗುಳುವುದು ಆಗಲೇ ಶುರುವಾಗಿತ್ತು. ಮೊದಲು ಡಾಕ್ಟರ ಹೆಸರಿನಲ್ಲಿ ಒಂದು ಪತ್ರ ಹರಿದಾಡಿತು: ಆರೋಗ್ಯ ಸರಿಯಿಲ್ಲದ ಕಾರಣ ಸ್ಪರ್ಧೆಯಿಂದ ಹಿಂದೆ ಸರಿಯುತ್ತಿದ್ದೇನೆ ಎಂದು. ಸಹಿ ಅವರದೇ ಎನ್ನುವ ಹಾಗಿತ್ತು. ಯಾವುದೋ ಔಷಧಿ ಚೀಟಿಯಿಂದ ಎತ್ತಿದ್ದಿರಬೇಕು. ಆಮೇಲೆ ಅವರ ಒಂದು ಸಭೆಯ ಬೆಳಿಗ್ಗೆ, ಹಾಲ್ ಬದಲಾಗಿದೆ ಎಂಬ ಸಂದೇಶ ಬಂದು ಅರ್ಧ ಜನ ಇನ್ನೊಂದು ಊರಿನ ಖಾಲಿ ಹಾಲ್‌ನ ಮುಂದೆ ಬಿಸಿಲಲ್ಲಿ ಕಾದು ವಾಪಸಾದರು. ಆಮೇಲೆ ಒಂದು ಫೋಟೊ. ರೋಗಿಯೊಬ್ಬರ ಮಗಳ ಮದುವೆಗೆ ಅವರು ಚರ್ಚಿಗೆ ಹೋಗಿದ್ದಾಗ ತೆಗೆದದ್ದು. ಕೆಳಗೆ ತಮಿಳಿನಲ್ಲಿ ಒಂದೇ ಸಾಲು: ಇವರು ಯಾವ ದೇವರಿಗೆ ಕೈ ಮುಗಿಯುತ್ತಾರೆ? ನಾನು ಅದನ್ನು ಗೆಳೆಯನಿಗೆ ತೋರಿಸಿದೆ. ಅವನು ಆಗತಾನೆ ಪೂಜೆ ಮುಗಿಸಿ ಬಂದಿದ್ದ, ಜೇಬಿನಲ್ಲಿ ಜಪಮಾಲೆ ಇತ್ತು. "ಅದು ನಾನೇ ಮಾಡಿದ್ದು ಮಾರಾಯ," ಎಂದು ರೊಟಿಯನ್ನು ಸಾರಿನಲ್ಲಿ ಅದ್ದಿದ. ನಾನು ನಕ್ಕೆ. ನಕ್ಕಿದ್ದು ನೆನಪಿದೆ. ಇದೊಂದು ಸರಿಯಾದ ನೆನಪು ಎಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಇದರಿಂದ ನನಗೆ ಯಾವ ಲಾಭವೂ ಇಲ್ಲ.

ಅದೇ ಮೇಜಿನಲ್ಲಿ ಬಹಳ ಹಿಂದೆ ನಾನು ಅವನಿಗೆ ಒಂದು ಕಥೆ ಹೇಳಿದ್ದೆ. ಕೊರೊನಾ ಕಾಲದ್ದು. ಹೊರಗೆ ಹೊರಟರೆ ಪೊಲೀಸರು ತಡೆಯುತ್ತಿದ್ದ ದಿನಗಳು. ಮಗಳಿಗೆ ಕಿವಿನೋವು ಬಂದು ಕ್ಲಿನಿಕ್ಕಿಗೆ ಹೋಗಿದ್ದೆವು. ನಮಗಿಂತ ಮುಂದೆ ಒಬ್ಬ ತೋಟದ ಹೆಂಗಸು, ಕಂಕುಳಲ್ಲಿ ಕೆಮ್ಮುವ ಕೂಸು. ಡಾಕ್ಟರು ಬಾಗಿಲಿಗೆ ಬಂದು, "ತೋಟದವರಿಗೆಲ್ಲ ಇಲ್ಲಿ ಜಾಗ ಇಲ್ಲ," ಎಂದು ಅವಳನ್ನು ಕಳಿಸಿಬಿಟ್ಟರು. ತೋಟದಲ್ಲಿ ಹುಟ್ಟಿದವರೇ ಹಾಗಂದರು. ಕಷ್ಟ ಬಂದಾಗ ಎಲ್ಲರೂ ಎಷ್ಟು ಬೇಗ ತಮ್ಮವರನ್ನು ಮರೆಯುತ್ತಾರೆ ಎಂಬ ನನ್ನ ಯಾವುದೋ ವಾದಕ್ಕೆ ಅದು ಉದಾಹರಣೆ. ಒಳ್ಳೆಯ ಉದಾಹರಣೆ. ಕಾಲೇಜಿನ ಕ್ಯಾಂಟೀನಿನಲ್ಲೂ ಒಂದೆರಡು ಸಲ ಹೇಳಿದ್ದೆ. ಹೇಳುವಾಗೆಲ್ಲ ಕೇಳುವವರು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಮೌನ ನನಗೆ ಹಿಡಿಸುತ್ತಿತ್ತು.

ಓಟಿಗೆ ಇನ್ನು ಒಂದು ತಿಂಗಳಿರಬಹುದು, ಗೆಳೆಯ ವಾರದ ನಡುವೆ, ಮಧ್ಯಾಹ್ನ ಊಟದ ಹೊತ್ತಿಗೆ ಕಾಲೇಜಿಗೇ ಬಂದ. ಲ್ಯಾಪ್‌ಟಾಪು ತಂದಿದ್ದ. ಆ ಕಥೆ ಬೇಕು ಎಂದ.

ಈ ದೇಶದ ಒಂದು ಪದ್ಧತಿಯನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ರಾಜಕಾರಣಿಯ ಮೇಲೆ ಆರೋಪ ಮಾಡುವವರು ಮೈಕಿನ ಮುಂದೆ ಕೂಗುತ್ತಾರೆ. ಇಲ್ಲಿ ಕೂಗುವುದು ಸಾಲದು, ಎಸ್‌ಡಿ ಬೇಕು. ಎಸ್‌ಡಿ ಎಂದರೆ ಪ್ರಮಾಣ ಅಧಿಕಾರಿಯ ಮುಂದೆ ಸಹಿ ಮಾಡಿದ ಘೋಷಣೆ: ನಾನು ಕಂಡೆ, ನಾನು ಕೇಳಿದೆ, ಇದು ಸತ್ಯ. ಅದು ಬಂದ ಮೇಲೆ ಎದುರಿನವರೂ ಒಂದು ಎಸ್‌ಡಿ ತರುತ್ತಾರೆ. ಕೆಲವೊಮ್ಮೆ ಮೊದಲನೆಯದಕ್ಕೆ ಸಹಿ ಹಾಕಿದವನೇ, ಅದನ್ನು ಒತ್ತಾಯಕ್ಕೆ ಮಾಡಿದೆ ಎಂದು ಎರಡನೆಯದಕ್ಕೂ ಹಾಕುತ್ತಾನೆ. ಜನ ಮೊಹರನ್ನು ನೋಡುತ್ತಾರೆ, ಕಂಡಿಕೆಗಳನ್ನು ಓದುವವರು ಕಡಿಮೆ.

ನಾನು ಮೊದಲು ಒಪ್ಪಲಿಲ್ಲ. ಮಗಳ ಡಾಕ್ಟರು, ನಾಳೆ ಮುಖ ನೋಡಬೇಕು ಎಂದೆ.

"ಎಂತ ಮಾರಾಯ," ಎಂದ ಗೆಳೆಯ. "ಇಷ್ಟು ಸಲ ಹೇಳಿದ್ದಿ. ಕಣ್ಣಾರೆ ಕಂಡದ್ದಲ್ವಾ? ಹೊಸತು ಎಂತ ಹೇಳ್ಲಿಕ್ಕೆ ಉಂಟು? ಅವರದ್ದು ಪತ್ರ, ಫೋಟೊ ಎಲ್ಲ ನಾವು ಮಾಡಿದ್ದು. ಇದೊಂದು ನಿಜ. ಒಂದಾದ್ರೂ ನಿಜ ಇರ್ಲಿ ಅಂತ ನಂಗೆ."

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಈ ಜಗಳದಲ್ಲಿ ಯಾವ ಕಡೆಗೂ ಸೇರದವನು ನಾನೊಬ್ಬನೇ. ತಮಿಳನಲ್ಲ, ಪಕ್ಷದವನಲ್ಲ, ಓಟಿಲ್ಲ, ಮೇಲಾಗಿ ಪಾಠ ಹೇಳುವವನು. ನನ್ನ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಹತ್ತಾರು ವರ್ಷ ಎಲ್ಲವನ್ನೂ ಸಂಶಯಿಸಿ ಬದುಕಿದವನಿಗೆ ಇದೊಂದು ವಿಚಿತ್ರ ಆಮಿಷ. ಜೀವನದಲ್ಲಿ ಒಂದು ಸಲವಾದರೂ ಒಂದು ವಿಷಯದ ಸಾಕ್ಷಿಯಾಗುವುದು, ಅದೂ ಯಾರೂ ಅಲ್ಲಗಳೆಯದ ಸಾಕ್ಷಿ.

ಅವನು ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಡಾಕ್ಟರು ಎಲ್ಲಿ ನಿಂತಿದ್ದರು? ಒಳಕೋಣೆಯ ಬಾಗಿಲಲ್ಲಿ. ಮಾಸ್ಕ್ ಇತ್ತಾ? ಇತ್ತು, ನೀಲಿಯದು. ಹೆಂಗಸು ಏನು ಉಟ್ಟಿದ್ದಳು? ಹಳದಿ ಸೀರೆ, ಅಲ್ಲ, ಹಳದಿ ಚೂಡಿದಾರ್. ನೀನು ಎಲ್ಲಿದ್ದಿ? ನೀರಿನ ಫಿಲ್ಟರಿನ ಹತ್ತಿರ. ನಿಂತಿದ್ದೆಯಾ? ಕೂತಿದ್ದೆ. ಎಷ್ಟನೇ ಕುರ್ಚಿ? ನಾನು ಕಣ್ಣು ಮುಚ್ಚಿ ನೋಡಿದೆ. ಕುರ್ಚಿಗಳ ಸಾಲು ಕಂಡಿತು, ಡೆಟಾಲಿನ ವಾಸನೆ ಬಂತು, ಮಗಳು ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದ ಭಾರವೂ ಗೊತ್ತಾಯಿತು. ಮೂರನೆಯದು ಎಂದೆ.

ಡಾಕ್ಟರು ಹೇಳಿದ್ದು ತಮಿಳಿನಲ್ಲಿ ಹೇಗೆ, ಸರಿಯಾಗಿ ಅದೇ ಪದಗಳು ಬೇಕು ಎಂದ. ಅಲ್ಲಿ ನಾನು ತಡವರಿಸಿದೆ. ನನಗೆ ನೆನಪಿದ್ದ ವಾಕ್ಯ ಕನ್ನಡದಲ್ಲಿತ್ತು. ಅರ್ಥ ಅದೇ, ನೀನೇ ತಮಿಳಿಗೆ ಹಾಕಿಕೋ ಎಂದೆ. ಅವನ ಆಫೀಸಿನಲ್ಲಿ ಯಾರೋ ಹಾಕಿದರು.

ತಮಿಳು ಡಾಕ್ಟರು ತಮಿಳು ಹೆಂಗಸಿಗೆ ಕನ್ನಡದಲ್ಲಿ ಯಾಕೆ ಬೈಯುತ್ತಾರೆ? ಮೊದಲ ವರ್ಷದ ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆ. ನನಗೆ ಆ ಮಧ್ಯಾಹ್ನ ಹೊಳೆಯಲಿಲ್ಲ.

ಪ್ರಮಾಣ ಅಧಿಕಾರಿಯ ಕೋಣೆ ಕೋರ್ಟಿನ ಹತ್ತಿರ, ಒಂದು ಝೆರಾಕ್ಸ್ ಅಂಗಡಿಯ ಹಿಂದೆ. ಹಿರಿಯ ಮಲಾಯ್ ಮನುಷ್ಯ, ಟೋಪಿ ಹಾಕಿದ್ದರು. ನನ್ನ ಪಾಸ್‌ಪೋರ್ಟಿನ ಫೋಟೊ, ನನ್ನ ಮುಖ, ಎರಡನ್ನೂ ನೋಡಿದರು. ಓದಿದ್ದೀಯಾ, ಅರ್ಥವಾಗಿದೆಯಾ ಎಂದು ಕೇಳಿದರು. ಹೌದು ಎಂದೆ. ಮೊಹರು ಒತ್ತಿದರು. ಹೊರಗೆ ಬಂದಾಗ ಗೆಳೆಯ ನನ್ನ ಬೆನ್ನು ತಟ್ಟಿ, ಪ್ರೊಫೆಸರಿಗೆ ಒಂದು ಎಳನೀರು ಎಂದು ಕೂಗಿದ. ಆ ಎಳನೀರು ಕುಡಿಯುವಾಗ ನನಗೆ ನಿಜವಾಗಿಯೂ ಹಗುರವಾಗಿತ್ತು.

ಡಾಕ್ಟರ ಎದುರಾಳಿಗಳು ಅಲ್ಲಿಯವರೆಗೆ ಎಸೆದದ್ದೆಲ್ಲ ಅವರ ಸೆರಗಿಗೆ ತಾಗಿ ಬಿದ್ದುಹೋಗಿತ್ತು. ಇದು ತಾಗಿತು. ಅವರು ಗೆಲ್ಲುವುದು ಯಾವುದರಿಂದಲೋ ಅದೇ ಜಾಗಕ್ಕೆ ತಾಗಿತು. ತೋಟದ ಮಗಳು ತೋಟದ ಕೂಸನ್ನು ಬಾಗಿಲಿಂದ ಓಡಿಸಿದಳು. ನನ್ನ ಕಾಗದಕ್ಕೆ ಹಿನ್ನೆಲೆ ಸಂಗೀತ ಸೇರಿಸಿ ವಿಡಿಯೊ ಮಾಡಿದರು. ನಾನು ಹೇಳದಿದ್ದ ಒಂದು ವಿಷಯವನ್ನೂ ಸೇರಿಸಿದರು: ಆ ಕೂಸು ಆಮೇಲೆ ಸತ್ತುಹೋಯಿತು ಎಂದು. ಗೆಳೆಯನಿಗೆ ಫೋನ್ ಮಾಡಿ ಇದೇನು ಎಂದೆ. ಅದು ನಮ್ಮದಲ್ಲ, ಕೆಳಗಿನವರು ಯಾರೋ ಸೇರಿಸಿದ್ದು, ಈಗ ಕೈಮೀರಿ ಹೋಗಿದೆ ಎಂದ. ಡಾಕ್ಟರ ಕಡೆಯವರೂ ಸುಮ್ಮನಿರಲಿಲ್ಲ. ನಾನು ಕುಡುಕ, ಹಿಂದೊಮ್ಮೆ ಕೆಲಸ ಕಳೆದುಕೊಂಡವನು ಎಂದು ಒಂದು ಎಸ್‌ಡಿ ಬಂತು. ಮಾರನೆಯ ದಿನವೇ ಅದು ಎಲ್ಲ ಗುಂಪುಗಳಿಂದಲೂ ಮಾಯವಾಯಿತು. ಅದನ್ನು ತೆಗೆಸಿದವರು ಡಾಕ್ಟರೇ ಎಂದು ಕ್ಲಿನಿಕ್ಕಿನ ಈಗಿನ ಕೌಂಟರಿನ ಹುಡುಗಿ ಎಷ್ಟೋ ದಿನದ ಮೇಲೆ ನನ್ನ ಹೆಂಡತಿಗೆ ಹೇಳಿದಳು.

ಹೆಂಡತಿಗೆ ನಾನು ಏನೂ ಹೇಳಿರಲಿಲ್ಲ. ಅವಳ ಫೋನಿಗೆ ಆ ಕಾಗದ ಬಂದದ್ದು ನೆರೆಹೊರೆಯ ಹೆಂಗಸರ ಗುಂಪಿನಿಂದ. ಪಾಸ್‌ಪೋರ್ಟ್ ನಂಬರನ್ನು ಕಪ್ಪು ಮಾಡಿದ್ದರು, ಹೆಸರನ್ನಲ್ಲ. ನಾನು ಕಾಲೇಜಿನಿಂದ ಬಂದಾಗ ಅವಳು ಹುರುಳಿಕಾಯಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಕೂತಿದ್ದಳು. ಓಟಿಗೆ ಇನ್ನು ಹತ್ತು ದಿನ ಇತ್ತು.

"ರೀ, ನೀವೆಲ್ಲಿ ಕೂತಿದ್ರಿ?" ಎಂದಳು.

ನಾನು ಫಿಲ್ಟರು, ಕುರ್ಚಿ ಎಂದು ಶುರು ಮಾಡಿದೆ.

"ಅವತ್ತು ಒಳಗೆ ಕುರ್ಚಿನೇ ಇರ್ಲಿಲ್ಲ. ಎಲ್ಲಾ ಎತ್ತಿ ಹಿಂದೆ ಹಾಕಿದ್ರು. ಯಾರನ್ನೂ ಒಳಗೆ ಕೂರಿಸ್ತಿರ್ಲಿಲ್ಲ. ನಾನು, ಮಗು ಅಂಗಡಿ ಮುಂದಿನ ಜಗಲೀಲಿ ನಿಂತಿದ್ವಿ. ನೀವು ಕಾರಲ್ಲಿದ್ರಿ."

ಅಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ನಡೆದದ್ದನ್ನು ಒಂದೇ ಸ್ವರದಲ್ಲಿ ಹೇಳಿದಳು. ಆ ತೋಟದ ಹೆಂಗಸಿನ ಫೋನಿನಲ್ಲಿ ಒಳಗೆ ಹೋಗಲು ಬೇಕಿದ್ದ ಆ್ಯಪ್ ಇರಲಿಲ್ಲ. ಕೌಂಟರಿನ ಹುಡುಗಿ, ಹಾಗಾದರೆ ಬಿಡುವಂತಿಲ್ಲ, ಸರ್ಕಾರಿ ಕ್ಲಿನಿಕ್ಕಿಗೆ ಹೋಗು ಎಂದಳು. ಡಾಕ್ಟರು ಒಳಗೆ ಬಾಗಿಲು ಹಾಕಿಕೊಂಡು ಇನ್ನೊಬ್ಬರನ್ನು ನೋಡುತ್ತಿದ್ದರು, ಅವರಿಗೆ ಇದು ಗೊತ್ತೇ ಇರಲಿಲ್ಲ. ಹೆಂಗಸು ಹೊರಟುಹೋದಳು. ಮಗಳ ಕಿವಿ ತೋರಿಸಿಕೊಂಡು ಹೆಂಡತಿ ಕಾರಿಗೆ ಬಂದು ಕೂತು ನನಗೆ ಎಲ್ಲವನ್ನೂ ಹೇಳಿದಳು.

"ಪಾಪ, ತೋಟದವರಿಗೆಲ್ಲ ಇಲ್ಲಿ ಜಾಗ ಇಲ್ಲ ಅಂದೆ. ನಾನಂದೆ ರೀ. ಸೀಟ್ ಬೆಲ್ಟ್ ಹಾಕ್ಕೋತಾ ಅಂದೆ. ಡಾಕ್ಟರಲ್ಲ."

ನನಗೆ ಆ ಕ್ಷಣ ಬಂದ ಯೋಚನೆ ಬರೆಯಲು ನಾಚಿಕೆಯಾಗುತ್ತದೆ. ಇವಳ ನೆನಪಾದರೂ ಸರಿ ಎಂದು ಹೇಗೆ ನಂಬುವುದು, ಇಬ್ಬರಲ್ಲಿ ಒಬ್ಬರದು ತಪ್ಪು, ಅದು ನನ್ನದೇ ಯಾಕಾಗಬೇಕು ಎಂದುಕೊಂಡೆ. ಕಲಿತ ವಿದ್ಯೆ ಆ ಹೊತ್ತಿಗೆ ಸರಿಯಾಗಿ ಕೈಹಿಡಿಯಿತು. ಮಗಳನ್ನು ಕರೆದೆ. ಆಗ ಅವಳಿಗೆ ಏಳು ವರ್ಷ, ಈಗ ಹನ್ನೆರಡು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನವರ ಇಂಗ್ಲಿಷಿನಲ್ಲಿ. ಸೂಚನೆ ಕೊಡದ ಪ್ರಶ್ನೆ ಕೇಳಬೇಕು ಎಂಬ ಎಚ್ಚರದಿಂದ, ಕೊರೊನಾ ಸಮಯದಲ್ಲಿ ನಿನಗೆ ಕಿವಿ ನೋವು ಬಂದಿತ್ತಲ್ಲ, ಆ ದಿನ ಏನು ನೆನಪಿದೆ ಎಂದೆ.

"ಯು ವರ್ ಇನ್ ದ ಕಾರ್," ಎಂದಳು. "ಐ ನಾಕ್ಡ್ ಆನ್ ದ ಗ್ಲಾಸ್. ಯು ಡಿಡಂಟ್ ಓಪನ್, ಲಾ. ಯು ವರ್ ವಾಚಿಂಗ್ ಕ್ರಿಕೆಟ್."

ಹೆಂಡತಿ ಹುರುಳಿಕಾಯಿ ಹೆಚ್ಚತೊಡಗಿದಳು.

ಆ ಕ್ಲಿನಿಕ್ಕಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಮೂರನೇ ಕುರ್ಚಿಯಲ್ಲಿ ಎಷ್ಟೋ ಸಲ ಕೂತಿದ್ದೇನೆ. ಮಗಳು ನನ್ನ ತೊಡೆಯ ಮೇಲೆ ತಲೆ ಇಟ್ಟದ್ದೂ ನಿಜ, ಬೇರೆ ಯಾವುದೋ ಜ್ವರದಲ್ಲಿ. ಡೆಟಾಲಿನ ವಾಸನೆಯೂ ನಿಜ. ನನ್ನ ತಲೆ ಬೇರೆ ಬೇರೆ ದಿನಗಳಿಂದ ಒಳ್ಳೆಯ ಸಾಮಾನುಗಳನ್ನೇ ತಂದು ನಾನು ಇರದಿದ್ದ ಒಂದು ದಿನವನ್ನು ಕಟ್ಟಿಕೊಟ್ಟಿತ್ತು. ಕಥೆಯನ್ನು ಮೊದಲ ಸಲ ಹೇಳುವಾಗ ಹೆಂಡತಿ ಹೇಳಿದಳು ಎಂದೇ ಹೇಳಿದ್ದೆನೇನೋ. ಎಷ್ಟನೆಯ ಸಲಕ್ಕೆ ನಾನು ಕಾರಿನಿಂದ ಇಳಿದು ಒಳಗೆ ಹೋಗಿ ಕೂತೆ ಎಂದು ಈಗ ಹುಡುಕಲು ಸಾಧ್ಯವಿಲ್ಲ.

ಹತ್ತು ದಿನ ಇತ್ತು ಎಂದೆನಲ್ಲ. ಮರುದಿನ ಒಂದು ಕ್ಲಾಸು ಬಿಟ್ಟು ಪೆಟಾಲಿಂಗ್ ಜಯಾಕ್ಕೆ ಕಾರು ಓಡಿಸಿದೆ. ಗೆಳೆಯ ಆಫೀಸಿನ ಕೆಳಗಿನ ಪಾರ್ಕಿಂಗ್‌ಗೆ ಇಳಿದು ಬಂದ. ಎಲ್ಲ ಹೇಳಿದೆ. ಅವನ ಮುಖ ಬಿಳುಚಿತು, ಆಮೇಲೆ ಸರಿಹೋಯಿತು. ಕೂಸು ಸತ್ತಿದೆ ಎಂದು ಸೇರಿಸಿದ್ದು ಕೆಳಗಿನವರಲ್ಲ, ತನ್ನ ಮೇಲಿನವರೇ ಎಂದು ತಾನಾಗಿ ಒಪ್ಪಿಕೊಂಡ. ಅವನಿಗೂ ಸುಸ್ತಾಗಿತ್ತು. ಆದರೂ ನಾನು ಇನ್ನೊಂದು ಎಸ್‌ಡಿ ಮಾಡುತ್ತೇನೆ, ಮೊದಲನೆಯದು ತಪ್ಪು ಎಂದು ಹೇಳುತ್ತೇನೆ ಎಂದಾಗ ನನ್ನ ತೋಳು ಹಿಡಿದುಕೊಂಡ.

"ಎರಡು ಕಾಗದ ಇದ್ರೆ ಒಂದು ಸುಳ್ಳು ಅಂತ ಆಯ್ತಲ್ಲ. ಸುಳ್ಳು ಎಸ್‌ಡಿಗೆ ಜೈಲುಂಟು ಇಲ್ಲಿ. ಇಲ್ಲಿಯವರಾದ್ರೆ ಲಾಯರ್ ಇಟ್ಟು ಹೇಗಾದ್ರೂ ಮಾಡ್ತಾರೆ. ನಿಂದು ಪಾಸ್ ಕ್ಯಾನ್ಸಲ್ ಮಾಡಿ ಫ್ಲೈಟ್ ಹತ್ತಿಸ್ತಾರೆ, ಅಷ್ಟೇ. ಮಗಳ ಶಾಲೆ?" ತೋಳು ಬಿಟ್ಟು, "ನೀನು ಬೇಕಂತ ಸುಳ್ಳು ಹೇಳಿದ್ದಲ್ಲ ಮಾರಾಯ. ನಂಬಿ ಹೇಳಿದ್ದು. ಕಾಗದದಲ್ಲಿ ಹಾಗೇ ಉಂಟು," ಎಂದ.

ಕಾಗದದಲ್ಲಿ ಹಾಗೇ ಇತ್ತು. ಸತ್ಯವೆಂದು ಮನಸಾರೆ ನಂಬಿ. ಹೆದ್ದಾರಿಯಲ್ಲಿ ವಾಪಸು ಬರುವಾಗ ಎರಡು ಬದಿಗೂ ಎಣ್ಣೆತಾಳೆಯ ತೋಟ, ಒಂದೇ ಎತ್ತರ, ಒಂದೇ ಅಂತರ. ನಾನು ಆ ಒಂದು ಪದವನ್ನೇ ಬಾಯಲ್ಲಿ ಇಟ್ಟುಕೊಂಡು ಬಂದೆ. ಸಹಿ ಮಾಡಿದ ದಿನ ನಾನು ನಂಬಿದ್ದೆ. ಹಾಗಾಗಿ ಕಾಗದ ಆ ದಿನದ ಮಟ್ಟಿಗೆ ನಿಜ. ನಂಬಿಕೆ ಸುಳ್ಳಾಯಿತು, ಘೋಷಣೆ ಸುಳ್ಳಾಗಲಿಲ್ಲ. ಮೆಲಾಕಾ ಹತ್ತಿರವಾಗುವಷ್ಟರಲ್ಲಿ ನನ್ನ ವಾದ ಬಹಳ ಚೆನ್ನಾಗಿ ಕೂತಿತ್ತು.

"ಹಾಗಾದ್ರೆ ಹೇಳಲ್ಲ ನೀವು," ಎಂದಳು ಹೆಂಡತಿ. ಅದು ಪ್ರಶ್ನೆಯಾಗಿರಲಿಲ್ಲ. ತಾನೇ ಹೋಗಿ ಡಾಕ್ಟರಿಗೆ ಹೇಳುತ್ತೇನೆ ಎಂದೂ ಅವಳು ಅನ್ನಲಿಲ್ಲ. ಅವಳಿಗೂ ಮಗಳ ಶಾಲೆಯ ಯೋಚನೆ ಬಂದಿರಬೇಕು. ಅಥವಾ ಹಾಗೆ ಅಂದುಕೊಂಡರೆ ನನಗೆ ಹಿತ. ಆ ಹತ್ತು ದಿನ ಮನೆಯಲ್ಲಿ ಅಡುಗೆಯಾಯಿತು, ಊಟವಾಯಿತು. ಅವಳು ಕಾರಿನಲ್ಲಿ ಮಾತ್ರ ನನ್ನ ಪಕ್ಕ ಕೂರಲಿಲ್ಲ. ಮಗಳ ಜೊತೆ ಹಿಂದೆ ಕೂರುತ್ತಿದ್ದಳು.

ಯಾರಾದರೂ ಒಬ್ಬರು ಕುರ್ಚಿಯ ವಿಷಯ ಎತ್ತುತ್ತಾರೆ ಎಂದು ನಾನು ದಿನವೂ ಕಾದೆ. ಆ ತಿಂಗಳುಗಳಲ್ಲಿ ಕ್ಲಿನಿಕ್ಕುಗಳು ಹೇಗಿದ್ದವು ಎಂದು ದೇಶಕ್ಕೆಲ್ಲ ಗೊತ್ತು. ಎಲ್ಲರೂ ಹೊರಗೆ ಅಂತರ ಬಿಟ್ಟು ನಿಂತವರೇ. ಮೂರನೇ ಕುರ್ಚಿ ಎಂಬ ಎರಡು ಪದ ಓದಿದ ಕೂಡಲೇ ಯಾರಾದರೂ, ಅರೆ, ಆಗ ಕುರ್ಚಿ ಎಲ್ಲಿತ್ತು ಎನ್ನಬೇಕಿತ್ತು. ಪತ್ರಿಕೆಯವರು ಅನ್ನಲಿಲ್ಲ, ಎದುರಾಳಿಗಳು ಅನ್ನಲಿಲ್ಲ, ಡಾಕ್ಟರ ಕಡೆಯವರು ಅನ್ನಲಿಲ್ಲ. ಐದು ವರ್ಷದಲ್ಲಿ ಎಲ್ಲರ ನೆನಪೂ ಕುರ್ಚಿಗಳನ್ನು ತಂದು ಮೊದಲಿನ ಜಾಗದಲ್ಲಿ ಇಟ್ಟುಬಿಟ್ಟಿತ್ತು.

ಡಾಕ್ಟರು ಸೋತರು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಹೂವಿನಂಗಡಿಗಳ ಮೇಲೆ ಹೊಸ ಅಧ್ಯಕ್ಷನ ಫ್ಲೆಕ್ಸುಗಳು ಎದ್ದವು. ಎಣಿಕೆ ಮುಗಿದ ದಿನದಿಂದ ಆ ಕೂಸಿನ ಹೆಸರನ್ನು ಯಾರೂ ಎತ್ತಲಿಲ್ಲ. ಅದಕ್ಕೆ ಹೆಸರೇ ಇರಲಿಲ್ಲ. ಅದು ಬದುಕಿದೆಯೋ, ಯಾವ ಶಾಲೆಗೆ ಹೋಗುತ್ತಿದೆಯೋ ಎಂದು ಒಬ್ಬರೂ ಹುಡುಕಲಿಲ್ಲ, ನಾನೂ ಸೇರಿ. ಗೆಳೆಯ ಪೂಜೆಗೆ ಬರುವುದನ್ನು ನಿಲ್ಲಿಸಿದ. ಅವನು ಈಗ ಯಾವುದೋ ಹೊಸ ಬಿಸ್ಕತ್ತಿನ ಜಾಹೀರಾತು ಮಾಡುತ್ತಿದ್ದಾನಂತೆ.

ಎರಡು ತಿಂಗಳು ನಾನು ಬೇರೆ ಡಾಕ್ಟರ ಹತ್ತಿರ ಹೋದೆ. ಆಮೇಲೆ ಒಂದು ಬೆಳಿಗ್ಗೆ, ಬಿಪಿ ಮಾತ್ರೆ ಮುಗಿದಿದ್ದಾಗ, ಕಾಲು ತಾನಾಗಿ ಆ ಅಂಗಡಿಸಾಲಿಗೆ ಹೋಯಿತು. ತಾನಾಗಿ ಎಂದು ಬರೆದದ್ದು ಸುಳ್ಳು. ಅವರು ಬೈಯಲಿ ಎಂದು ಹೋದೆ. ಬೈದರೆ ಎಲ್ಲವನ್ನೂ ಹೇಳಿಬಿಡಬಹುದು ಎಂಬ ಲೆಕ್ಕಾಚಾರ ಇತ್ತು.

"ಊಟ ಆಯ್ತಾ ಸಾರ್?" ಎಂದರು.

ತೂಕ ಇಳಿದಿದ್ದರು. ಬಿಪಿ ನೋಡಿದರು, ಜಾಸ್ತಿ ಇದೆ ಎಂದರು. ಪಟ್ಟಿ ಬಿಚ್ಚುತ್ತ, ನನ್ನ ಮುಖ ನೋಡದೆ, ಕೋಪ ಇಲ್ಲ ಸಾರ್, ನೀವು ಕಂಡದ್ದು ನೀವು ಹೇಳಿದ್ದೀರಿ ಎಂದರು. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಒಂದು ಕೇಳ್ಬೇಕು. ಮೊದಲು ನಾನು, ಅಯ್ಯೋ, ನಾನು ಹಾಗೆ ಹೇಳೋದೇ ಇಲ್ಲ ಅಂತ ಇದ್ದೆ. ಆ ಪೇಪರ್ ತುಂಬ ಸಲ ಓದಿದೆ ಸಾರ್. ಈಗ ನನ್ನ ವಾಯ್ಸ್ ಕೇಳ್ತದೆ. ಆ ಬಾಗಿಲಲ್ಲಿ ನಿಂತು ನಾನೇ ಹೇಳ್ತಾ ಇದ್ದೇನೆ. ಆ ಹಳದಿ ಡ್ರೆಸ್ ಕೂಡ ಕಾಣ್ತದೆ. ಅವಾಗ ತುಂಬ ಸುಸ್ತು, ನಿದ್ರೆ ಇಲ್ಲ. ಹೇಳಿರಬಹುದು. ನೀವು ಅಲ್ಲಿ ಇದ್ರಿ. ಅವಾಗಿನ ಕೌಂಟರ್ ಹುಡುಗಿ ಬಿಟ್ಟು ಹೋದ್ಲು, ಬೇರೆ ಯಾರು ಇಲ್ಲ ಕೇಳಕ್ಕೆ. ನಾನು ಹೇಳಿದೆನಾ ಸಾರ್? ನಿಜ ಹೇಳಿ. ಎಲೆಕ್ಷನ್ ಎಲ್ಲ ಮುಗೀತು. ನನಗೆ ಗೊತ್ತಾಗ್ಬೇಕು, ಅಷ್ಟೇ."

ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಮೊಹರು ಇಲ್ಲ, ಕಾಗದ ಇಲ್ಲ. ಜೈಲು, ಪಾಸು, ಶಾಲೆ ಯಾವುದಕ್ಕೂ ಆ ಬಾಗಿಲಿನ ಒಳಗೆ ಜಾಗವಿರಲಿಲ್ಲ. ಕಾರಿನಲ್ಲಿದ್ದೆ ಡಾಕ್ಟರೇ, ಕ್ರಿಕೆಟ್ ನೋಡುತ್ತಿದ್ದೆ. ಅಷ್ಟೇ ಸಾಕಿತ್ತು. ತಮ್ಮ ಬಾಯಲ್ಲಿ ಎಂದೂ ಬಾರದ ಮಾತನ್ನು ತಮ್ಮದೇ ಸ್ವರದಲ್ಲಿ ಕೇಳಿಸಿಕೊಳ್ಳುತ್ತ, ಅಪ್ಪ ಹಾಲು ಇಳಿಸಿದ ತೋಟದವರಿಗೆ ತಾವು ಅನ್ಯಾಯ ಮಾಡಿದೆವೆಂದು ನಂಬುತ್ತ ಅವರು ಉಳಿದ ವರ್ಷಗಳನ್ನು ಕಳೆಯಬೇಕಾಗಿರಲಿಲ್ಲ.

"ನೆನಪಿಲ್ಲ ಡಾಕ್ಟರ್," ಎಂದೆ.

ಅವರು ತಲೆಯಾಡಿಸಿದರು. ನಾನು ಮರ್ಯಾದೆಗೆ ಹಾಗೆ ಹೇಳುತ್ತಿದ್ದೇನೆ, ಉತ್ತರ ಹೌದು ಎಂದು ಅವರಿಗೆ ಅರ್ಥವಾಯಿತು. ಅದು ಅವರ ಮುಖದಲ್ಲಿ ಕಂಡಿತು. ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು. ಹೊರಗೆ ಬಂದು ಔಷಧಿಗೆ ನನ್ನ ಹೆಸರು ಕರೆಯುವವರೆಗೆ ಫಿಲ್ಟರಿನ ಪಕ್ಕ ಕೂತಿದ್ದೆ. ಎಷ್ಟನೇ ಕುರ್ಚಿಯೆಂದು ಎಣಿಸಲಿಲ್ಲ.

ಇದನ್ನು ಈಗಲೇ ಬರೆದಿಡಲು ಒಂದು ಕಾರಣವಿದೆ. ಈಚೆಗೆ, ಸ್ನಾನ ಮಾಡುವಾಗ ಅಥವಾ ಸಿಗ್ನಲ್ಲಿನಲ್ಲಿ ನಿಂತಾಗ, ಆ ಬೆಳಿಗ್ಗೆ ಮತ್ತೆ ಕಣ್ಣ ಮುಂದೆ ಬರುತ್ತದೆ. ಅದರಲ್ಲಿ ನಾನು, ಇಲ್ಲ ಡಾಕ್ಟರ್, ನೀವು ಹೇಳಲಿಲ್ಲ, ನಾನು ಅಲ್ಲಿ ಇರಲೇ ಇಲ್ಲ ಎನ್ನುತ್ತೇನೆ. ಅವರು ಕಣ್ಣು ಒರೆಸಿಕೊಳ್ಳುತ್ತಾರೆ. ಒರೆಸಿಕೊಂಡ ಟಿಶ್ಯೂ ಕೂಡ ಕಾಣುತ್ತದೆ. ದಿನದಿಂದ ದಿನಕ್ಕೆ ಅದು ಹೆಚ್ಚು ಸ್ಪಷ್ಟವಾಗುತ್ತಿದೆ, ಹೊಸ ವಿವರಗಳು ಸೇರುತ್ತಿವೆ. ನನ್ನ ತಲೆಯ ಕೆಲಸ ನನಗೆ ಗೊತ್ತು. ಇನ್ನು ಕೆಲವು ವರ್ಷದಲ್ಲಿ ನಾನು ಅದನ್ನು ಮನಸಾರೆ ನಂಬುತ್ತೇನೆ, ಯಾರಿಗಾದರೂ ಹೇಳಲೂಬಹುದು. 'ನೆನಪಿಲ್ಲ' ಎಂದಿದ್ದೆ. ನೆನಪಿತ್ತು.